ಸಿಂಗಾನಲ್ಲೂರಿನ ಹಿರಣ್ಯಕಶಿಪು

ನಮ್ಮ ತಾತನಿಗೆ ಎರಡು ಹೆಸರಿದ್ದವು. ರೇಷನ್ ಕಾರ್ಡಿನಲ್ಲಿ ಒಂದು, ಊರಿನವರ ಬಾಯಲ್ಲಿ ಇನ್ನೊಂದು. ಊರಿನವರು ಅವನನ್ನು ಕರೆಯುತ್ತಿದ್ದುದು ಕಶಿಪಣ್ಣ ಎಂದು. ಹಿರಣ್ಯಕಶಿಪುವಿನಲ್ಲಿ ಹಿರಣ್ಯ ನಮ್ಮ ಮನೆಗೆ ಯಾವತ್ತೂ ಬರಲಿಲ್ಲ, ಕಶಿಪು ಮಾತ್ರ ಉಳಿದುಕೊಂಡ ಎಂದು ಅಜ್ಜಿ ನಗುತ್ತಿದ್ದಳು. ಊರಿನಲ್ಲಿ 'ಭಕ್ತ ಪ್ರಹ್ಲಾದ' ನಾಟಕ ಆಡಿದಾಗಲೆಲ್ಲ ಆ ಪಾತ್ರ ತಾತನದೇ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಿಂದ ಒಳಗೆ ಬಿದ್ದಿರುವ ನಮ್ಮಂಥ ಹಳ್ಳಿಗಳಲ್ಲಿ ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ದುಡ್ಡು. ತಾತ ಒಂದು ವರ್ಷ ರೇಷ್ಮೆಗೂಡು ಮಾರಿದ ಹಣವನ್ನೆಲ್ಲ ಹಿರಣ್ಯಕಶಿಪುವಿಗೆ ಕಟ್ಟಿ ಬಂದಿದ್ದನಂತೆ. ಅವತ್ತು ಅಜ್ಜಿ ಒಲೆ ಹಚ್ಚಲಿಲ್ಲ.

ಇದನ್ನೆಲ್ಲ ತಾತನಿಗೆ ಹತ್ತಿಸಿದವರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು. ಪುಟ್ಟಸ್ವಾಮಯ್ಯ ಎಂದರೆ ಈಗ ಹೆಚ್ಚಿನವರಿಗೆ ರಾಜಕುಮಾರ್ ಅವರ ತಂದೆ ಅಷ್ಟೆ. ತಾತನ ಲೆಕ್ಕ ಉಲ್ಟಾ. ಅವನಿಗೆ ರಾಜಕುಮಾರ್ ಎಂದರೆ ಪುಟ್ಟಸ್ವಾಮಯ್ಯನವರ ಮಗ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ರಾವಣ, ಕಂಸ, ಹಿರಣ್ಯಕಶಿಪುವಿನಂಥ ರೌದ್ರ ಪಾತ್ರಗಳಿಗೆ ಹೆಸರಾಗಿದ್ದ ನಟ ಅವರು. "ಅವ್ರು ರಂಗದ ಮೇಲ ಬಂದು ಒಂದ್ ಸಲ ಕೆಮ್ಮುದ್ರ ಸಾಕು ಕಪ್ಪ, ಮುಂದ ಕೂತಿರ ಮಕ್ಕಳು ಅವ್ವನ ಸೆರಗ ಹಿಡ್ಕತಿದ್ದೊ" ಎಂದು ತಾತ ಹೇಳುತ್ತಿದ್ದ. ಅವನ ಮಾತಿನಲ್ಲಿ ನೋಡಿದ್ದು ಎಷ್ಟು, ದೊಡ್ಡವರಿಂದ ಕೇಳಿದ್ದು ಎಷ್ಟು ಎಂದು ನಾನು ಬೇರೆ ಮಾಡಲು ಹೋಗಿಲ್ಲ. ಪುಟ್ಟಸ್ವಾಮಯ್ಯನವರ ಕಾಲದ ರಂಗಭೂಮಿ ಉಳಿದಿರುವುದೇ ಇಂಥವರ ಬಾಯಲ್ಲಿ. ಮಗನ ಇನ್ನೂರಕ್ಕೂ ಹೆಚ್ಚು ಸಿನಿಮಾಗಳನ್ನು ನಾವು ಬೇಕೆಂದಾಗ ನೋಡಬಹುದು. ಅಪ್ಪನ ಹಿರಣ್ಯಕಶಿಪುವನ್ನು ನೋಡಲು ಆಗ ಇರಬೇಕಿತ್ತು, ಅಷ್ಟೆ.

ಆ ಕಾಲದ ಭೂಪಟವೇ ಬೇರೆ. ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಇಂಗ್ಲಿಷರ ಕೈಗೆ ಹೋಗಿ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿದು, ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಅವ್ವನ ತೌರು ಯಳಂದೂರು. ಅವಳನ್ನು ರೇಗಿಸಬೇಕಾದಾಗ ತಾತ "ನೀವು ಮಾರಾಜರ ಕಡೇರು, ನಾವು ಕಲೆಕ್ಟರ ಕಡೇರು" ಎನ್ನುತ್ತಿದ್ದ. ಗಾಡಿಯಲ್ಲಿ ಅರ್ಧ ದಿನದ ದಾರಿ, ನಡುವೆ ಒಂದು ಗಡಿ. ಕೋರ್ಟು ಕಚೇರಿಯ ಕಾಗದಗಳಿಗೆ ಆ ಗಡಿ ಇತ್ತು, ನಾಟಕಕ್ಕೆ ಇರಲಿಲ್ಲ. ಸೀನರಿ, ಹಾರ್ಮೋನಿಯಂ, ಗದೆ, ಕಿರೀಟಗಳನ್ನು ಹೇರಿಕೊಂಡು ಕಂಪನಿಗಳು ಎರಡೂ ಕಡೆ ಓಡಾಡುತ್ತಿದ್ದವು. ಕನ್ನಡ ಎಲ್ಲೆಲ್ಲಿ ಕೇಳುತ್ತದೆಯೋ ಅಲ್ಲೆಲ್ಲ ಅವರ ಊರು.

ಮುತ್ತುರಾಜ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ತಾಳವಾಡಿ ಪಕ್ಕದ ಗಾಜನೂರಿನಲ್ಲಿ. ಆಗ ತಾಳವಾಡಿ, ಕೊಳ್ಳೇಗಾಲ ಎರಡೂ ಒಂದೇ ಜಿಲ್ಲೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಅಪ್ಪನ ಹೆಸರಿನ ಮುಂದಿರುವ ಊರು ಒಂದು ರಾಜ್ಯದಲ್ಲಿ, ಮಗ ಹುಟ್ಟಿದ ಊರು ಇನ್ನೊಂದು ರಾಜ್ಯದಲ್ಲಿ. ಮುಂದೆ 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕಾಗಿ ಊರೂರು ತಿರುಗಿದ ಮನುಷ್ಯ ಗಡಿಯಾಚೆಯ ಊರಿನಲ್ಲಿ ಹುಟ್ಟಿದವರು ಎನ್ನುವುದು ಹೊರಗಿನವರಿಗೆ ಸೋಜಿಗ. ನಮ್ಮ ಕಡೆಯವರಿಗೆ ಅದರಲ್ಲಿ ಸೋಜಿಗವೇನಿಲ್ಲ. ನಮ್ಮಲ್ಲಿ ಅರ್ಧ ಮನೆಗಳ ನೆಂಟರು ಆ ಕಡೆಗೇ ಇದ್ದಾರೆ.

ಹುಡುಗ ಶಾಲೆ ಬಿಟ್ಟು ಅಪ್ಪನ ಹಿಂದೆ ಕಂಪನಿ ಸೇರಿದ. ಅಪ್ಪ ಬಣ್ಣ ಹಚ್ಚುವುದನ್ನು ನೋಡುತ್ತಾ, ಸಣ್ಣಪುಟ್ಟ ಪಾತ್ರ ಮಾಡುತ್ತಾ ಬೆಳೆದ. 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ಅದನ್ನು ನಿರ್ದೇಶಿಸಿದ ಎಚ್.ಎಲ್.ಎನ್. ಸಿಂಹ ಅವರೂ ನಾಟಕದಿಂದಲೇ ಬಂದವರು. ಮುತ್ತುರಾಜನಿಗೆ ರಾಜಕುಮಾರ್ ಎಂಬ ಹೆಸರಿಟ್ಟವರು ಅವರೇ. ಅದೇ ಚಿತ್ರದಲ್ಲಿ ನರಸಿಂಹರಾಜು ಇದ್ದರು. ನಂಜನಗೂಡಿನ ಜಿ.ವಿ. ಅಯ್ಯರ್ ಇದ್ದರು. ನಟನಾಗಿದ್ದ ಆ ಅಯ್ಯರ್ ಮುಂದೆ ನಿರ್ದೇಶಕರಾಗಿ 'ಹಂಸಗೀತೆ' ಮಾಡಿದರು, ಸಂಸ್ಕೃತದಲ್ಲಿ ಮೊದಲ ಸಿನಿಮಾ 'ಆದಿ ಶಂಕರಾಚಾರ್ಯ' ಮಾಡಿದರು. ಗುಬ್ಬಿ ಕಂಪನಿಯ ಅನ್ನ ಉಂಡವರು ಎಲ್ಲೆಲ್ಲಿಗೆ ಹೋದರು ನೋಡಿ. ಇದನ್ನೆಲ್ಲ ನೋಡಲು ಪುಟ್ಟಸ್ವಾಮಯ್ಯ ಇರಲಿಲ್ಲ. ಮಗ ತೆರೆಯ ಮೇಲೆ ನಾಯಕನಾಗುವ ಮೊದಲೇ ಅವರು ತೀರಿಕೊಂಡಿದ್ದರು. ತಾತ ಈ ಮಾತು ಬಂದಾಗಲೆಲ್ಲ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದ. ಆಮೇಲೆ "ಮಗ ಅಪ್ಪನ್ ಸಾಲ ತೀರುಸ್ದ, ಅಪ್ಪ ನೋಡ್ನಿಲ್ಲ" ಎನ್ನುತ್ತಿದ್ದ.

ಸಾಲ ಎಂದರೆ ಏನೆಂದು ನನಗೆ ಆಗ ಗೊತ್ತಾಗುತ್ತಿರಲಿಲ್ಲ.

2000ನೇ ಇಸವಿಯ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನ ಮನೆಗೆ ನುಗ್ಗಿ ರಾಜಕುಮಾರ್ ಅವರನ್ನು ಕಾಡಿಗೆ ಕರೆದುಕೊಂಡು ಹೋದ. ನಾನಾಗ ಹನೂರಿನಲ್ಲಿ ಎಂಟನೇ ಕ್ಲಾಸು. ಬಸ್ಸುಗಳು ನಿಂತವು, ಚಿತ್ರಮಂದಿರಗಳು ಬಾಗಿಲು ಹಾಕಿದವು. ಬೆಂಗಳೂರಿನವರಿಗೆ ಅದು ಟಿವಿಯಲ್ಲಿ ಬಂದ ಕಾಡು. ನಮಗೆ ಅದು ಸೌದೆ ತರುವ ಕಾಡು, ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ದಾರಿಯ ಕಾಡು. ವೀರಪ್ಪನ್ ಹೆಸರನ್ನು ನಮ್ಮ ಕಡೆ ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಒಂದು ಕಡೆ ಅವನ ಭಯ, ಇನ್ನೊಂದು ಕಡೆ ಅವನನ್ನು ಹುಡುಕುವವರ ಭಯ.

ತಾತ ಅವತ್ತಿನಿಂದ ಗಡ್ಡ ಬೋಳಿಸಲಿಲ್ಲ. ಅಣ್ಣಾವ್ರು ಬರುವ ತನಕ ಹಾರ್ಮೋನಿಯಂ ಮುಟ್ಟಬಾರದು ಎಂದು ನಾಟಕದ ಮೇಷ್ಟ್ರಿಗೂ ಹೇಳಿಬಿಟ್ಟ. ಮೇಷ್ಟ್ರು ಯಳಂದೂರು ಕಡೆಯವರು. ಹಳ್ಳಿ ನಾಟಕದಲ್ಲಿ ಮೇಷ್ಟ್ರು ಎಂದರೆ ನಿರ್ದೇಶಕ, ಸಂಗೀತಗಾರ, ಯಾರಾದರೂ ಕೈಕೊಟ್ಟರೆ ನಟ, ಎಲ್ಲ ಅವರೇ. ಆ ಮೂರೂವರೆ ತಿಂಗಳು ಅವರು ಬಂದು ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಮಾತಿಲ್ಲದೆ ಎದ್ದು ಹೋಗುತ್ತಿದ್ದರು. ಸಂಜೆ ರೇಡಿಯೋ ವಾರ್ತೆಗೆ ನಮ್ಮ ಮನೆ ಮುಂದೆ ಹತ್ತಿಪ್ಪತ್ತು ಜನ ಸೇರುತ್ತಿದ್ದರು. ನವೆಂಬರ್ 15ಕ್ಕೆ, 108 ದಿನಗಳ ಮೇಲೆ, ಬಿಡುಗಡೆಯಾಯಿತು. ತಾತ ಗಡ್ಡ ತೆಗೆಸಿದ್ದು ಮಾದಪ್ಪನ ಬೆಟ್ಟದಲ್ಲಿ. ಎರಡು ವರ್ಷದ ಮೇಲೆ ಅದೇ ವೀರಪ್ಪನ್ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಹೊತ್ತೊಯ್ದಾಗ ಅವರು ಜೀವಂತ ಮರಳಲಿಲ್ಲ. ಬದುಕಿ ಬರುವುದು ಎಷ್ಟು ದೊಡ್ಡದು ಎಂದು ನಮ್ಮೂರಿಗೆ ಪೂರ್ತಿ ಗೊತ್ತಾಗಿದ್ದು ಆಗ.

ಬಿಡುಗಡೆಯ ಸಂತೋಷಕ್ಕೆ 2001ರ ಬೇಸಗೆಯಲ್ಲಿ 'ಭಕ್ತ ಪ್ರಹ್ಲಾದ' ಆಡುವುದೆಂದು ಊರಲ್ಲಿ ತೀರ್ಮಾನವಾಯಿತು. ತಾತನಿಗೆ ಅರವತ್ತೈದು ದಾಟಿತ್ತು. ಇದೇ ಕೊನೇ ಸಲ ಎಂದು ಅವನೇ ಹೇಳಿದ. ಪ್ರಹ್ಲಾದನ ಪಾತ್ರಕ್ಕೆ ನನ್ನ ಹೆಸರು ಬರೆಸಿ, ಎರಡೂ ಪಾತ್ರಗಳ ದುಡ್ಡು ತಾನೇ ಕಟ್ಟಿದ.

ನಾನು ಹದಿನೈದು ದಿನ ತಾಲೀಮಿಗೆ ಹೋದೆ. ಪದಗಳ ಮಟ್ಟು ಕೂತಿತ್ತು. ಮೇಷ್ಟ್ರು ಬೆನ್ನು ತಟ್ಟಿದ್ದರು. ಒಂದು ದಿನ ಸ್ಕೂಲಿನಲ್ಲಿ ಯಾರೋ ಒಬ್ಬ "ಕಶಿಪು ಮೊಮ್ಮಗ ಮೊಖಕ್ಕ ಬಣ್ಣ ಬಳ್ಕತನಂತ" ಎಂದ. ಎಲ್ಲರೂ ನಕ್ಕರು. ಅಷ್ಟೇ ಆದದ್ದು. ಅವತ್ತು ಸಂಜೆ ನಾನು ತಾಲೀಮಿಗೆ ಹೋಗಲಿಲ್ಲ. ಮಾರನೇ ದಿನವೂ ಹೋಗಲಿಲ್ಲ. ಮೂರನೇ ದಿನ ಹೇಳದೆ ಕೇಳದೆ ಬಸ್ಸು ಹತ್ತಿ ಯಳಂದೂರಿನ ಅಜ್ಜಿ ಮನೆಗೆ ಹೋಗಿಬಿಟ್ಟೆ. ಬೇಸಗೆ ರಜ ಮುಗಿಯುವವರೆಗೂ ಬರಲಿಲ್ಲ. ನಾಟಕ ನಡೆಯಿತು. ಪ್ರಹ್ಲಾದನಾಗಿ ಪಕ್ಕದ ಬೀದಿಯ ಹುಡುಗ ನಿಂತ.

ವಾಪಸು ಬಂದಾಗ ತಾತ ಬಯ್ಯಲಿಲ್ಲ. "ಊಟ ಮಾಡ್ದ್ಯ ಮಗ?" ಎಂದ. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು. ನಾಟಕದ ಮಾತನ್ನು ನನ್ನ ಹತ್ತಿರ ಮತ್ತೆ ಎತ್ತಲೇ ಇಲ್ಲ. ಸಿಂಗಾನಲ್ಲೂರಿನ ಕತೆಗಳೂ ನಿಂತವು.

2006ರ ಏಪ್ರಿಲ್ 12ರಂದು ರಾಜಕುಮಾರ್ ತೀರಿಕೊಂಡರು. ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಬೂತಿನಿಂದ ಊರಿಗೆ ಫೋನು ಮಾಡಿದೆ. ತಾತ ಬಂದು ಫೋನು ಹಿಡಿದ. "ಪುಟ್ಟಸ್ವಾಮಯ್ಯನವರ ಮಗ ಹೋಗ್ಬುಟ್ರು ಕನ್ ಮಗ" ಎಂದ. ನನ್ನ ಬಾಯಲ್ಲಿ ಇನ್ನೊಂದು ಮಾತು ಬಂದು ನಿಂತಿತ್ತು. ತಪ್ಪಾಯ್ತು ತಾತ ಎಂಬ ಮಾತು. ಊರಿಗೆ ಹೋದಾಗ ಎದುರಿಗೇ ಹೇಳೋಣ ಎಂದುಕೊಂಡು ಫೋನು ಇಟ್ಟೆ. ಆ ಮಳೆಗಾಲದಲ್ಲಿ ತಾತನೂ ಹೋದ. ಅಷ್ಟರೊಳಗೆ ಎರಡು ಸಲ ಊರಿಗೆ ಹೋಗಿದ್ದೆ. ಎರಡು ಸಲವೂ ಹೇಳಿರಲಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ರಾತ್ರಿ ನಿದ್ದೆ ಬರಲಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಫೋನು ಹಿಡಿದುಕೊಂಡು 1983ರ 'ಭಕ್ತ ಪ್ರಹ್ಲಾದ' ಹಾಕಿದೆ. ಅಷ್ಟು ವರ್ಷ ಅದನ್ನು ನೋಡುವುದರಿಂದ ತಪ್ಪಿಸಿಕೊಂಡೇ ಬಂದಿದ್ದೆ. ರಾಜಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. ಅಪ್ಪ ರಂಗದ ಮೇಲೆ ಕಟ್ಟಿದ ಕಿರೀಟವನ್ನು ಮಗ ತೆರೆಯ ಮೇಲೆ ತಲೆಗಿಟ್ಟುಕೊಂಡಿದ್ದಾರೆ, ಎದುರಿಗೆ ಮೊಮ್ಮಗ ಕೈಮುಗಿದು ನಿಂತಿದ್ದಾನೆ. ರಾಜಕುಮಾರ್ 'ಭೂಕೈಲಾಸ'ದಲ್ಲಿ ರಾವಣ ಆಗಿದ್ದರು, 'ಮಹಿಷಾಸುರ ಮರ್ದಿನಿ'ಯಲ್ಲಿ ಮಹಿಷಾಸುರ ಆಗಿದ್ದರು. ಸಜ್ಜನಿಕೆಗೆ ಹೆಸರಾದ ನಟ ರಾಕ್ಷಸರನ್ನು ಹೀಗೆ ಮತ್ತೆ ಮತ್ತೆ ಒಪ್ಪಿಕೊಂಡದ್ದು ಏಕೆ ಎಂದು ನಾನು ಯೋಚಿಸಿದ್ದೆ. ಅವತ್ತು ಅನಿಸಿತು, ಆ ಪಾತ್ರಗಳೆಲ್ಲ ಅಪ್ಪನವು. ಅಪ್ಪ ನಿಂತಿದ್ದ ಜಾಗದಲ್ಲಿ ನಿಂತು ನೋಡುವ ಆಸೆ ಯಾವ ಮಗನಿಗಿರುವುದಿಲ್ಲ? ಸಾಲ ಎಂದು ತಾತ ಹೇಳುತ್ತಿದ್ದುದು ಇದನ್ನೇ ಇರಬೇಕು.

ತಾಲೀಮಿನ ಒಂದು ಸಂಜೆ ತಾತ ಹೇಳಿದ್ದು ಆಗ ನೆನಪಾಯಿತು. ಕಂಬ ಒಡೆಯುವುದು ಸುಲಭ, ಅಲ್ಲಿ ಗಂಟಲಿದ್ದರೆ ಸಾಕು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುರುಗಳ ಮನೆಯಲ್ಲಿ ಏನು ಕಲಿತೆ ಎಂದು ಕೇಳುತ್ತಾನಲ್ಲ, ಅದು ಕಷ್ಟ. ಆಗ ಅವನು ರಾಕ್ಷಸ ಅಲ್ಲ, ಬರೀ ಅಪ್ಪ. ಅಲ್ಲಿ ಪ್ರೀತಿ ಕಾಣದಿದ್ದರೆ ಮುಂದೆ ಕೋಪಕ್ಕೆ ಬೆಲೆಯಿಲ್ಲ. ಇದನ್ನು ಹೇಳುತ್ತಾ ತಾತ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಹದಿಮೂರು ವರ್ಷದ ನಾನು ನಾಚಿಕೊಂಡು ಮೈ ಬಿಗಿ ಹಿಡಿದಿದ್ದೆ. ಅವನ ಕೈ ಬೆನ್ನ ಮೇಲೆ ಹಗುರವಾಗಿ ಇತ್ತು.

ಸಿನಿಮಾ ಪೂರ್ತಿ ನೋಡಲು ಆಗಲಿಲ್ಲ.

ಹೋದ ವರ್ಷ ಊರಿಗೆ ಹೋದವನು ದಾರಿ ತಿರುಗಿಸಿ ಸಿಂಗಾನಲ್ಲೂರಿಗೆ ಹೋದೆ. ನಮ್ಮೂರಿನಂಥದೇ ಊರು. ಜಗಲಿಯ ಮೇಲೆ ಕೂತಿದ್ದ ಮುದುಕರೊಬ್ಬರು "ಯಾರ ಮನಗಪ್ಪ?" ಎಂದು ಕೇಳಿದರು. ಯಾರ ಮನೆಗೂ ಅಲ್ಲ, ಸುಮ್ಮನೆ ಬಂದೆ ಎಂದೆ. ಅವರು ಜಾಗ ಬಿಟ್ಟು ಕೂರಿಸಿಕೊಂಡರು. ನಮ್ಮ ತಾತ ನಾಟಕದಲ್ಲಿ ಹಿರಣ್ಯಕಶಿಪು ಮಾಡುತ್ತಿದ್ದ ಎಂದು ಹೇಳಿದೆ. ನನ್ನ ಬಾಯಿಂದ ಅದನ್ನು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಮುದುಕರು ನನ್ನ ಮುಖವನ್ನೊಮ್ಮೆ ನೋಡಿ, "ನೀನೇನ್ ಪಾರ್ಟ್ ಮಾಡ್ದಯ್?" ಎಂದು ಕೇಳಿದರು.

ನಾನು ಮಾಡಲಿಲ್ಲ ಎಂದೆ.