ಅಂಗಡಿ ಮುಂದಿನ ನೆರಳು

ಅಕ್ಕಲಕೋಟೆಯ ನಮ್ಮ ಅಡತಿ ಅಂಗಡಿಯ ಮುಂದೆ ಹೂವಿನ ಚೆಂದಕ್ಕೆ ಮನಸೋತು ನಾವು ಗುಲ್‌ಮೊಹರ್ ಹಚ್ಚಿದ್ದೆವು. ಮಡಗಾಸ್ಕರ್ ಮೂಲದ ಈ ಗಿಡ ಬೇಗ ಬೆಳೆಯಿತು. ಆದರೆ ಬಿಸಿಲೇರುವ ಹೊತ್ತಿಗೇ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತಿತ್ತು. ಇದರ ಬೇರು ಮೇಲೆಮೇಲೆ ಹರಡುತ್ತದೆ, ಟೊಂಗೆಯೂ ಪೆಡಸು. ಒಂದು ವರ್ಷ ಬೇಸಿಗೆಯ ಬಿರುಗಾಳಿಗೆ ದೊಡ್ಡ ಟೊಂಗೆ ಮುರಿದು ಹಮಾಲರು ಕೂಡುವ ಕಟ್ಟೆಯ ಮೇಲೆ ಬಿತ್ತು. ಅವರು ಆಗಷ್ಟೇ ನೀರು ಕುಡಿಯಲು ಒಳಗೆ ಬಂದಿದ್ದರು.

"ಅಂಗಡಿ ಚೆಂದಕ್ಕಿಂತ ಕುಂತವರ ಜೀವ ದೊಡ್ಡದಪ್ಪಾ" ಎಂದರು ನಮ್ಮವ್ವ.

ಮಳೆಗಾಲದಲ್ಲಿ ಆಳಕ್ಕೆ ಬೇರಿಳಿಸುವ ಬೇವು, ಹೊಂಗೆ (ಮರಾಠಿಯವರ ಕರಂಜ) ಹಚ್ಚಿದೆವು. ಹೊಂಗೆ ಎಲೆ ಉದುರಿಸಿದರೂ ಯುಗಾದಿಯ ಸುಮಾರಿಗೆ ಚಿಗುರಿ ದಟ್ಟ ನೆರಳು ಕೊಡುತ್ತದೆ. ಈಗ ಹಮಾಲರು ಅಲ್ಲೇ ಬುತ್ತಿ ಬಿಚ್ಚುತ್ತಾರೆ. ಬಂಧುಗಳೇ, ಗುಲ್‌ಮೊಹರ್ ಬೇಕೆಂದರೆ ಮನೆಯಿಂದ ದೂರ, ಬಯಲಲ್ಲಿ ಹಚ್ಚಿರಿ.