ಏರಿದರೆ ಸಾಲದು, ಇಳಿಯಲೂ ಬೇಕು

ಊರಿನಲ್ಲಿ ಅಂಬಾಸಿಡರ್ ಕಾರಿನಲ್ಲಿ ಓಡಾಡಿದವರಿಗೆ ಕಿಟಕಿ ಎಂಬುದು ಒಂದು ಸಮಸ್ಯೆಯೇ ಆಗಿರಲಿಲ್ಲ. ಹಿಡಿಕೆ ತಿರುಗಿಸಿದರೆ ಗಾಜು ಏರುತ್ತಿತ್ತು. ಮೊಂಡು ಹಿಡಿದರೆ ಅಂಗೈಯಿಂದ ಮೇಲಕ್ಕೆ ನೂಕಿದರಾಯಿತು. ಅಮೆರಿಕದ ಪ್ಯಾಕಾರ್ಡ್ ಕಂಪನಿಯವರು 1941ರ ಮಾದರಿಯಲ್ಲೇ, ಎಣ್ಣೆಯ ಒತ್ತಡದಿಂದ ತಾನಾಗಿ ಏರುವ ಕಿಟಕಿಯನ್ನು ಶ್ರೀಮಂತರಿಗೆ ಕೊಟ್ಟಿದ್ದರು. ಆ ಭಾಗ್ಯ ನಮ್ಮಂಥವರ ಪಾಲಿಗೆ ಬರಲು ಹಲವು ದಶಕಗಳೇ ಹಿಡಿದವು. ಈಗ ಹಿಡಿಕೆಯಿರುವ ಕಾರು ಹುಡುಕಿದರೂ ಅಪರೂಪ. ಗುಂಡಿ ಒತ್ತಿದರೂ ಗಾಜು ಅಲುಗದಿದ್ದರೆ, ಎಂ.ಎ. ಓದಿದವನೂ ಎಫ್.ಆರ್.ಸಿ.ಎಸ್. ಆದವನೂ ಒಂದೇ ರೀತಿ ಬಾಯಿ ಬಿಡಬೇಕು.

ಕಳೆದ ಅಕ್ಟೋಬರಿನಲ್ಲಿ ನಮ್ಮ ಕಾರಿನ ಹಿಂಬದಿಯ ಎಡಗಿಟಕಿ ಅರ್ಧಕ್ಕೆ ಇಳಿದು ನಿಂತುಬಿಟ್ಟಿತು. ಸ್ಟ್ರಾಟ್‌ಫರ್ಡಿನಲ್ಲಿ ನಮಗೆ ಗ್ಯಾರೇಜು ಎಲ್ಲಿಂದ ಬರಬೇಕು? ಕಾರು ಬೀದಿಯಲ್ಲೇ ಮಲಗಬೇಕು. ಆಕಾಶ ನೋಡಿದರೆ ಈಗಲೋ ಆಗಲೋ ಎನ್ನುವಂತಿತ್ತು. ಮೇಲಾಗಿ ಆ ಕಿಟಕಿಯ ಪಕ್ಕದ್ದೇ ನಮ್ಮ ನಾಲ್ಕು ವರ್ಷದ ಮೊಮ್ಮಗಳ ಆಸನ. ಪ್ಲಾಸ್ಟಿಕ್ ಹಾಳೆ ಅಂಟಿಸಿ ರಾತ್ರಿ ಕಳೆದು, ಬೆಳಗಾಗುತ್ತಲೇ ಮಿತ್ರರೊಬ್ಬರಿಗೆ ಫೋನು ಮಾಡಿದೆ. ಅವರು ಅರಸೀಕೆರೆಯ ಕಡೆಯವರು. ಡಾಗೆನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಕೆಲಸ 2002ರಲ್ಲಿ ನಿಲ್ಲುವವರೆಗೂ ದುಡಿದವರು. ನಾವೆಲ್ಲ ಅವರನ್ನು ರಾಯರೆಂದೇ ಕರೆಯುವುದು.

ಬಂದ ರಾಯರು ಸ್ಕ್ರೂಡ್ರೈವರನ್ನು ಮುಟ್ಟಲೇ ಇಲ್ಲ. "ಕಾಫಿ ಆಮೇಲೆ. ಮೊದಲು ಸ್ವಿಚ್ಚು ಒತ್ತಿ, ಬಾಗಿಲಿಗೆ ಕಿವಿಗೊಟ್ಟು ಕೇಳಿ" ಎಂದರು. ಮೋಟಾರು ಗುಂಯ್ ಎನ್ನುತ್ತಿದ್ದರೂ ಗಾಜು ಕದಲದಿದ್ದರೆ ಅದನ್ನು ಎತ್ತುವ ಕೇಬಲ್ಲೋ ಪ್ಲಾಸ್ಟಿಕ್ ಹಿಡಿಯೋ ಮುರಿದಿರಬೇಕು. ಗಾಜು ನರಳುತ್ತಾ ನಿಧಾನವಾಗಿ ಏರಿದರೆ ಅದು ಜಾರುವ ರಬ್ಬರಿನ ಸಂದಿಯಲ್ಲಿ ಕೊಳೆ ಸೇರಿರಬಹುದು. ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆದರೆ ಎಷ್ಟೋ ಸಲ ಸರಿಹೋಗುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯೂಸು, ಸ್ವಿಚ್ಚು, ತಂತಿ, ಮೋಟಾರು, ಈ ನಾಲ್ವರಲ್ಲಿ ಒಬ್ಬನೇ ಕಳ್ಳ. ನಮ್ಮದು ಮೌನವ್ರತ.

ಹಿಂದಿನ ಕಿಟಕಿಗಳನ್ನು ತಡೆಯುವ ಮಕ್ಕಳ ಬೀಗದ ಗುಂಡಿ ಒತ್ತಿಕೊಂಡಿರಲಿಲ್ಲ. ಫ್ಯೂಸು ನೆಟ್ಟಗಿತ್ತು. ಚಾಲಕನ ಬಾಗಿಲಿನ ಸ್ವಿಚ್ಚಿನಿಂದಲೂ ಹಿಂದಿನ ಬಾಗಿಲಿನ ಸ್ವಿಚ್ಚಿನಿಂದಲೂ ಒತ್ತಿ ನೋಡಿದೆವು. ಒಂದರಿಂದ ನಡೆದು ಇನ್ನೊಂದರಿಂದ ನಡೆಯದಿದ್ದರೆ ತಪ್ಪು ಸ್ವಿಚ್ಚಿನದು. ಎರಡರಿಂದಲೂ ನಡೆಯಲಿಲ್ಲ. ಒತ್ತಿದಾಗ ಕಾರಿನೊಳಗಿನ ದೀಪ ಕೊಂಚವೂ ಮಂಕಾಗಲಿಲ್ಲ. ಮಂಕಾಗಿದ್ದರೆ ಮೋಟಾರಿಗೆ ಕರೆಂಟು ಹೋಗುತ್ತಿದೆ, ಅದೇ ಬಿಗಿದುಕೊಂಡಿದೆ ಎಂದು ಊಹಿಸಬಹುದಿತ್ತು.

ಆಮೇಲೆ ರಾಯರು ನನ್ನನ್ನು ಸ್ವಿಚ್ಚಿನ ಮೇಲೆ ಕೂರಿಸಿ, ತಾವು ಬಾಗಿಲನ್ನು ಮೆಲ್ಲಗೆ ತೆರೆಯುತ್ತಾ ಮುಚ್ಚುತ್ತಾ ಬಂದರು. ಒಂದು ಕೋನಕ್ಕೆ ಬಂದಾಗ ಗಾಜು ಚಂಗನೆ ಒಂದಂಗುಲ ನೆಗೆಯಿತು! ಬಾಗಿಲಿಗೂ ಕಂಬಕ್ಕೂ ನಡುವೆ ಸುಕ್ಕುಸುಕ್ಕಾದ ರಬ್ಬರು ಕೊಳವೆಯಿರುತ್ತದೆ. ತಂತಿಗಳು ಅದರೊಳಗೇ ಹಾಯುತ್ತವೆ. ಬಾಗಿಲು ತೆರೆದಷ್ಟು ಸಲವೂ ಅವು ಮಡಚಬೇಕು. ದಿನಕ್ಕೆ ನಾಲ್ಕಾರು ಸಲ ಮಗುವನ್ನು ಹತ್ತಿಸಿ ಇಳಿಸಿದ ಬಾಗಿಲಲ್ಲಿ ಒಂದು ತಂತಿ ಒಳಗೊಳಗೇ ತುಂಡಾಗಿತ್ತು.

ಬಾಗಿಲಿನಲ್ಲಿ ಗಾಳಿಚೀಲದ ತಂತಿಗಳೂ ಇರಬಹುದಾದ್ದರಿಂದ ಬ್ಯಾಟರಿಯ ನೆಗೆಟಿವ್ ತುದಿ ಕಳಚಿ, ಕೈಪಿಡಿ ಹೇಳುವಷ್ಟು ಹೊತ್ತು ಕಾದು, ಹೊಸ ತಂತಿಯ ತುಂಡು ಬೆಸೆದೆವು. ಬಾಗಿಲಿನ ಒಳಹಲಗೆ ಬಿಚ್ಚಬೇಕಾದವರು ಮೊದಲು ಗಾಜನ್ನು ಗಟ್ಟಿ ಟೇಪಿನಿಂದ ಚೌಕಟ್ಟಿಗೆ ಬಿಗಿಯಬೇಕು, ಇಲ್ಲದಿದ್ದರೆ ಅದು ಒಳಗೆ ಬಿದ್ದೀತು. ಹಲಗೆಯ ಹಿಂದಿನ ಪ್ಲಾಸ್ಟಿಕ್ ಪರದೆಯನ್ನು ಮರಳಿ ಅಂಟಿಸಲೇಬೇಕು. ಮಳೆನೀರು ಬಾಗಿಲೊಳಗೆ ಇಳಿದು ತಳದ ತೂತುಗಳಿಂದ ಹೊರಹೋಗುವುದೇ ಅದರ ಏರ್ಪಾಡು. ಪರದೆಯಿಲ್ಲದಿದ್ದರೆ ನೀರು ನಿಮ್ಮ ಕಾಲಡಿಗೆ ಬರುತ್ತದೆ.

ಬಿಡಿಭಾಗವೇ ಬೇಕಾಗಿದ್ದರೆ ಹಿಂದೆ ನಮ್ಮ ಕಾರ್ಪೆಂಟರ್ಸ್ ರಸ್ತೆಯ ಕಡೆ ಹಳೆಯ ಕಾರು ಬಿಚ್ಚಿ ಮಾರುವ ಗುಜರಿಗಳಿದ್ದವು. ನೋಡಿದರೆ ಶಿವಾಜಿನಗರವೇ ನೆನಪಾಗುತ್ತಿತ್ತು. 2012ರ ಒಲಿಂಪಿಕ್ಸ್ ಕ್ರೀಡೆಗಳಿಗೆಂದು 2007ರಲ್ಲಿ ಆ ಪ್ರದೇಶವನ್ನು ತೆರವು ಮಾಡಿದರು. ಪುಣ್ಯಕ್ಕೆ ನಮ್ಮ ಕೆಲಸ ಒಂದು ಗೇಣು ತಂತಿಯಲ್ಲಿ ಮುಗಿಯಿತು.

ಮುಗಿಯಿತು ಎಂದುಕೊಂಡವರು ನಾವು, ರಾಯರಲ್ಲ. ಗಾಜು ಸೊಗಸಾಗಿ ಏರಿತು, ಮೊಮ್ಮಗಳು ಚಪ್ಪಾಳೆ ತಟ್ಟಿದಳು. ರಾಯರು ಮಾತ್ರ ನನ್ನ ಮನೆಯವಳನ್ನು ಕರೆದು, "ತಾಯೀ, ಒಂದು ಸೌತೆಕಾಯಿ ಕೊಡಿ" ಎಂದರು. ಕೋಸಂಬರಿಗೆಂದು ತಂದಿದ್ದ ಕಾಯಿ ಬಂತು. ಅದನ್ನು ಕಿಟಕಿಯ ಸಂದಿಗೆ ಹಿಡಿದು ಸ್ವಿಚ್ಚು ಎತ್ತಿಹಿಡಿಯಲು ಹೇಳಿದರು. ಗಾಜು ನಿಲ್ಲಲಿಲ್ಲ, ಕಾಯಿಯನ್ನು ಅದುಮಿ ಹಿಂಡಿಬಿಟ್ಟಿತು. "ಇದು ಮಗುವಿನ ಬೆರಳಾಗಿದ್ದರೆ?" ಎಂದು ರಾಯರು ಕೇಳಿದಾಗ ಯಾರಿಗೂ ನಗು ಬರಲಿಲ್ಲ.

ಒಮ್ಮೆ ಒತ್ತಿಬಿಟ್ಟರೆ ತಾನಾಗಿ ಏರುವ ಕಿಟಕಿಗೆ ವಿಶ್ವಸಂಸ್ಥೆಯ 21ನೆಯ ವಾಹನ ನಿಯಮ ಒಂದು ಕಟ್ಟು ಹಾಕಿದೆ. ಸಂದಿ 200ರಿಂದ 4 ಮಿಲಿಮೀಟರಿನವರೆಗೆ ಇರುವಾಗ ಏನಾದರೂ ಅಡ್ಡ ಸಿಕ್ಕರೆ, ಒತ್ತಡ 100 ನ್ಯೂಟನ್, ಅಂದರೆ ಸುಮಾರು ಹತ್ತು ಕಿಲೋ ಭಾರ, ಮೀರುವ ಮೊದಲೇ ಗಾಜು ಹಿಂದಿರುಗಬೇಕು. ಆದರೆ ಹಲವು ಕಾರುಗಳಲ್ಲಿ ಬ್ಯಾಟರಿ ಕಳಚಿದೊಡನೆ ಗಾಜು ತನ್ನ ಮೇಲಂಚು ಕೆಳಅಂಚು ಎರಡನ್ನೂ ಮರೆಯುತ್ತದೆ. ಜೊತೆಗೆ ಹಿಂದಿರುಗುವ ಬುದ್ಧಿಯೂ ಹೋಗುತ್ತದೆ. ಮತ್ತೆ ಕಲಿಸಬೇಕು. ನಮ್ಮ ಕಾರಿನಲ್ಲಿ ಗಾಜನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಸ್ವಿಚ್ಚನ್ನು ಕೆಲವು ಸೆಕೆಂಡು ಹಾಗೇ ಹಿಡಿದಿರಬೇಕಿತ್ತು. ಕಾರಿನಿಂದ ಕಾರಿಗೆ ಕ್ರಮ ಬೇರೆ, ಕೈಪಿಡಿ ನೋಡಿ. ನಾಲ್ಕೂ ಕಿಟಕಿಗಳಿಗೆ ಪಾಠವಾದ ಮೇಲೆ ಎರಡನೆಯ ಸೌತೆಕಾಯಿ ಬಂತು. ಗಾಜು ಅದನ್ನು ಮುಟ್ಟಿ, ತಕ್ಷಣ ಕೆಳಗಿಳಿಯಿತು.

ಆದ್ದರಿಂದ ಬಾಂಧವರಲ್ಲಿ ಒಂದು ವಿನಂತಿ. ಮನೆಯಲ್ಲಿ ಮಾಡಿದರೂ ಸರಿ, ಗ್ಯಾರೇಜಿನಲ್ಲಿ ಮಾಡಿಸಿದರೂ ಸರಿ, ಬರೀ ಬ್ಯಾಟರಿ ಬದಲಿಸಿದರೂ ಸರಿ, ಗಾಜು ಏರಿತೆಂದು ದುಡ್ಡು ಎಣಿಸಬೇಡಿ. ಅಡ್ಡ ಸಿಕ್ಕಾಗ ಇಳಿಯುತ್ತದೆಯೇ ಎಂದು ಪರೀಕ್ಷಿಸಿ. ಕೈಯಿಟ್ಟು ಮಾತ್ರ ಬೇಡ. ಮಕ್ಕಳಿದ್ದಾಗ ಹಿಂದಿನ ಸ್ವಿಚ್ಚುಗಳ ಬೀಗ ಹಾಕಿರಿ. ಇಳಿಯುವಾಗ ಕೀಲಿಕೈ ನಿಮ್ಮ ಜೇಬಿನಲ್ಲಿರಲಿ. ಸೌತೆಕಾಯಿಯ ಬೆಲೆ ಎಷ್ಟೇ ಏರಿದ್ದರೂ ಒಂದನ್ನು ಇದಕ್ಕಾಗಿ ತೆಗೆದಿಡಬಹುದು.