ಗುದ್ದಲಿ ಹಿಡಿದಾಗ ಬಂದ ಮಾತು

ನುಗ್ಗೆ ಬೆಳೆಯುವ ರೈತರಿಗೆ ‘ಪಿಕೆಎಂ–1’ ಎಂದರೆ ಸಾಕು, ಬೇರೆ ವಿವರ ಬೇಡ. ಆ ಅಕ್ಷರಗಳ ಹಿಂದೆ ಒಂದು ಊರಿದೆ ಎಂಬುದು ಮಾತ್ರ ಬಹಳ ಜನರಿಗೆ ತಿಳಿದಿರುವುದಿಲ್ಲ. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಕೊಡೈಕೆನಾಲ್ ಬೆಟ್ಟದ ಬುಡದಲ್ಲಿ, ವರಾಹ ನದಿಯ ದಂಡೆಯ ಮೇಲಿರುವ ಪೆರಿಯಕುಳಂ ಆ ಊರು. ಬೀಜ ಊರಿ ಬೆಳೆಯುವ ಆ ನುಗ್ಗೆ ತಳಿ 1989ರಲ್ಲಿ ಅಲ್ಲಿಂದ ಬಿಡುಗಡೆಯಾಯಿತು. ಅಲ್ಲಿನ ತೋಟಗಾರಿಕೆ ಕಾಲೇಜು ತಮಿಳುನಾಡು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ನನ್ನ ಪದವಿಯ ಮೊದಲ ವರ್ಷವನ್ನು ಕಳೆದದ್ದು ಅಲ್ಲೇ.

ಕೃಷಿ ಕಾಲೇಜುಗಳಲ್ಲಿ ಒಂದಷ್ಟು ಸೀಟುಗಳನ್ನು ಅಖಿಲ ಭಾರತ ಪರೀಕ್ಷೆಯ ಮೂಲಕ ತುಂಬುತ್ತಾರೆ. ಚಿತ್ರದುರ್ಗದ ಬಯಲು ಸೀಮೆಯ ನನಗೆ ಪೆರಿಯಕುಳಂ ಸಿಕ್ಕಿದ್ದು ಹಾಗೆ. ಕೌನ್ಸೆಲಿಂಗ್ ಮುಗಿದು ನಾನು ಹೋಗಿ ಸೇರುವ ಹೊತ್ತಿಗೆ ತರಗತಿಗಳು ಆಗಲೇ ಶುರುವಾಗಿದ್ದವು. ಯಾರ ಪಕ್ಕ ಯಾರು ಕೂರುತ್ತಾರೆ, ಸಂಜೆ ಯಾರ ಜೊತೆ ಯಾರು ಪೇಟೆಗೆ ಹೋಗುತ್ತಾರೆ ಎಂಬುದೆಲ್ಲ ತೀರ್ಮಾನವಾಗಿಹೋಗಿತ್ತು. ಪಾಠ ಇಂಗ್ಲಿಷಿನಲ್ಲಿ, ಹರಟೆ ತಮಿಳಿನಲ್ಲಿ, ನನ್ನ ಯೋಚನೆ ಕನ್ನಡದಲ್ಲಿ. ಊರಿನಲ್ಲಿದ್ದಾಗಲೇ ನಾಲ್ಕು ಜನರ ಎದುರು ಬಾಯಿ ಬಿಡದವನು ನಾನು. ಅಲ್ಲಿ ಪೂರ್ತಿ ಮೌನಿಯಾದೆ.

ಸಂಕೋಚವನ್ನು ಹೊರಗಿನಿಂದ ನೋಡುವವರು ಅದನ್ನು ಬಿಂಕವೆಂದೋ ದಡ್ಡತನವೆಂದೋ ತಿಳಿಯುತ್ತಾರೆ. ಒಳಗಿದ್ದವನಿಗೆ ಅದು ದಿನವಿಡೀ ನಡೆಯುವ ಲೆಕ್ಕಾಚಾರ. ಮೆಸ್ಸಿನಲ್ಲಿ ಗದ್ದಲ ಕಡಿಮೆಯಾಗುವುದು ಯಾವಾಗ, ಗೋಡೆ ಬದಿಯ ಮೇಜು ಖಾಲಿಯಿದೆಯೇ, ಇನ್ನೊಂದು ಸೌಟು ಸಾಂಬಾರು ಕೇಳಲೇ ಬೇಡವೇ! ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿರುತ್ತದೆ. ಆದರೆ ಎದ್ದು ನಿಂತರೆ ಎಲ್ಲರೂ ತಿರುಗಿ ನೋಡುತ್ತಾರಲ್ಲ ಎಂಬ ಅಳುಕಿಗೆ ಗಂಟಲು ಕಟ್ಟುತ್ತದೆ. ಅಷ್ಟರಲ್ಲಿ ಬೇರೆ ಯಾರೋ ಹೇಳಿಬಿಡುತ್ತಾರೆ. ರಾತ್ರಿ ಮನೆಗೆ ಫೋನು ಮಾಡಿದರೆ ಅಮ್ಮ ಕೇಳುವುದು ಒಂದೇ ಮಾತು: “ಸ್ನೇಹಿತರಾದ್ರೇನಪ್ಪಾ?” “ಆದ್ರಮ್ಮಾ” ಎಂದು ಫೋನಿಡುತ್ತಿದ್ದೆ.

ಹೊಸಬರ ಮೇಲೆ ನಮ್ಮ ದೇಶಕ್ಕೆ ಕಾಳಜಿ ಇಲ್ಲವೆಂದಲ್ಲ. ಚಿದಂಬರಂನಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಪ್ರಾಣವನ್ನೇ ರ‍್ಯಾಗಿಂಗ್ ತೆಗೆದ ಮೇಲೆ ತಮಿಳುನಾಡು 1997ರಲ್ಲಿ ಅದರ ವಿರುದ್ಧ ಕಾಯ್ದೆ ತಂದಿತು. ಯುಜಿಸಿ 2009ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಟ್ಟುನಿಟ್ಟಿನ ನಿಯಮಗಳನ್ನು ಮಾಡಿತು. 2019ರಲ್ಲಿ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಲೆಂದು ‘ದೀಕ್ಷಾರಂಭ’ ಕಾರ್ಯಕ್ರಮವನ್ನೂ ರೂಪಿಸಿತು. ಇವೆಲ್ಲ ಬೇಕಾದವೇ. ಕಾನೂನಿನಿಂದ ಭಯ ಹೋಗುತ್ತದೆ, ಒಂಟಿತನ ಹೋಗುವುದಿಲ್ಲ. ಸ್ವಾಗತ ಸಮಾರಂಭವೆಂದರೆ ಬಹಳ ಕಡೆ ಇಂದಿಗೂ ವೇದಿಕೆ ಹತ್ತಿಸಿ, ಕೈಗೆ ಮೈಕು ಕೊಟ್ಟು, ನಿನ್ನ ಬಗ್ಗೆ ಹೇಳು ಎನ್ನುವುದೇ ಆಗಿದೆ. ಮಾತಿಗೆ ಹೆದರುವ ಹುಡುಗನ ಮುಂದೆ ಮೊದಲ ದಿನವೇ ಇಡುವ ಪರೀಕ್ಷೆ ಅದು.

ನನ್ನ ಬಾಯಿ ತೆರೆಸಿದ್ದು ತೋಟದ ಪ್ರಾಯೋಗಿಕ ತರಗತಿ. ಬೆಳಗಿನ ಹೊತ್ತು, ಬೆಟ್ಟದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ನುಗ್ಗೆಗೆ ಗುಣಿ ಗುರುತು ಮಾಡುವ ಕೆಲಸ. ಸಾಲಿನಿಂದ ಸಾಲಿಗೆ ಎರಡೂವರೆ ಮೀಟರ್, ಗಿಡದಿಂದ ಗಿಡಕ್ಕೂ ಅಷ್ಟೇ. ಗುಣಿಯ ಉದ್ದ, ಅಗಲ, ಆಳ ತಲಾ 45 ಸೆಂಟಿಮೀಟರ್. ಇಬ್ಬಿಬ್ಬರಿಗೆ ಒಂದೊಂದು ಹಗ್ಗ, ಒಂದು ಟೇಪು, ಒಂದಿಷ್ಟು ಗೂಟ. ನನ್ನ ಜೋಡಿ ತಿರುನಲ್ವೇಲಿ ಕಡೆಯ ಹುಡುಗ. ಹಗ್ಗದ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ಹಗ್ಗ ಸಡಿಲವಾದರೆ ಸಾಲು ಸೊಟ್ಟಗಾಗುತ್ತದೆ, ಸುಮ್ಮನೆ ನಿಂತರೆ ಕೆಲಸ ಕೆಡುತ್ತದೆ. “ಕೊಂಜಂ ಕೀಳ ಪುಡಿ” ಎಂದ ಅವನು. ಸ್ವಲ್ಪ ಕೆಳಗೆ ಹಿಡಿದೆ. ನಾನು ಕನ್ನಡದಲ್ಲೇ “ಎಳಿ, ಎಳಿ, ಸಾಕು” ಎಂದೆ. ಅವನು ಎಳೆದು ನಿಲ್ಲಿಸಿದ. ಬಿಸಿಲೇರುವ ಹೊತ್ತಿಗೆ ಗುದ್ದಲಿ ಕೈಯಿಂದ ಕೈಗೆ ದಾಟುತ್ತ ಗುಣಿಗಳು ಮೂಡಿದವು. ಅವನ ಅಪ್ಪನ ಬಾಳೆ ತೋಟ, ನಮ್ಮ ಮನೆಯ ಬತ್ತಿದ ಕೊಳವೆ ಬಾವಿ, ಎಲ್ಲ ಮಾತಿಗೆ ಬಂತು. ಕಣ್ಣು ಗುಣಿಯ ಮೇಲಿತ್ತು, ಒಬ್ಬರ ಮುಖ ಒಬ್ಬರು ನೋಡಲೇಬೇಕೆಂದಿರಲಿಲ್ಲ. ಸಂಕೋಚದವನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕಿಲ್ಲ.

ಆಮೇಲೆ ಗಿಡ ನೋಡಿಕೊಳ್ಳುವ ನೆಪವೂ ಸಿಕ್ಕಿತು. ಈ ನುಗ್ಗೆ 75 ಸೆಂಟಿಮೀಟರ್ ಎತ್ತರಕ್ಕೆ ಬಂದಾಗ ತುದಿ ಕುಡಿಯನ್ನು ಚಿವುಟಬೇಕು. ಆಗ ಪಕ್ಕದಿಂದ ಕವಲೊಡೆಯುತ್ತದೆ, ಕಾಯಿ ಕೈಗೆಟಕುವಷ್ಟು ತಗ್ಗಿನಲ್ಲೇ ಬರುತ್ತದೆ. ಯಾವ ಗಿಡ ಎಷ್ಟು ಬೆಳೆದಿದೆ ಎಂದು ಅಳೆದು ಬರೆದುಕೊಳ್ಳುತ್ತ ಇನ್ನೂ ನಾಲ್ಕೈದು ಜನರ ಪರಿಚಯವಾಯಿತು. ಸೀನಿಯರ್ ಅಣ್ಣನೊಬ್ಬ ತನ್ನ ಹಳೆಯ ರೆಕಾರ್ಡ್ ಪುಸ್ತಕ ಕೊಟ್ಟು, “ತಂಬಿ, ಸಂದೇಹ ಬಂದರೆ ರೂಮಿಗೆ ಬಾ” ಎಂದ. ಹೋದೆ.

ಇನ್ನೊಂದು ಆಸರೆ ನಾನು ಎಣಿಸದ ಕಡೆಯಿಂದ ಬಂತು. ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬರು ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡು ಹತ್ತಿರ ಬಂದು, “ಉಂಡ್ಯಾ?” ಎಂದರು. ಬೆರಗಾದೆ. ಅದೇ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕಾಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗರಿದ್ದಾರೆ. ನೂರಾರು ವರ್ಷಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದವರು, ಮನೆಯಲ್ಲಿ ಕನ್ನಡ ಆಡುವವರು. ಕಂಬಂ ಊರಿನ ನಂದಗೋಪಾಲಸ್ವಾಮಿ ಗುಡಿಯಲ್ಲಿ ದೇವರ ಹೆಸರಿನ ದನಗಳ ಹಿಂಡನ್ನೇ ಸಾಕಿಕೊಂಡು ಬಂದಿದ್ದಾರೆ. ಆ ಹೆಂಗಸೂ ಅವರಲ್ಲೊಬ್ಬರು. ಅವರ ಮಾತಿನ ಧಾಟಿ ತಮಿಳಿನದು, ಕೆಲವು ಮಾತು ನನಗೆ ಅರ್ಥವಾಗುತ್ತಲೇ ಇರಲಿಲ್ಲ. ಆದರೂ ಮನೆಯವರ ಹಾಗೆ ಗದರಿಸಿ ಊಟಕ್ಕೆ ಅಟ್ಟುವವರೊಬ್ಬರು ಆ ಊರಿನಲ್ಲಿದ್ದಾರೆ ಎಂಬುದೇ ನನಗೆ ದೊಡ್ಡ ಧೈರ್ಯವಾಗಿತ್ತು. ಸುತ್ತ ಕನ್ನಡವೇ ಕೇಳಿಸದ ಕಡೆ ಇಷ್ಟು ತಲೆಮಾರು ಭಾಷೆ ಉಳಿಸಿಕೊಂಡವರ ಮುಂದೆ ನನ್ನ ಒಂದು ವರ್ಷದ ಕಷ್ಟ ಎಷ್ಟರದು ಎಂದೂ ಅನ್ನಿಸಿತು.

ವರ್ಷ ಮುಗಿದಾಗ ನಾನೇನೂ ವಾಚಾಳಿಯಾಗಿರಲಿಲ್ಲ. ಈಗಲೂ ಅಲ್ಲ. ಬದಲಾಗಬೇಕಾದದ್ದು ನನ್ನ ಸ್ವಭಾವವೇನೂ ಅಲ್ಲ ಎಂಬುದು ಮಾತ್ರ ತಿಳಿದಿತ್ತು. ಸಂಕೋಚದವರಿಗೆ ಬೇಕಾದದ್ದು ಮೂರೇ: ಕೈಗೊಂದು ಕೆಲಸ, ಪಕ್ಕದಲ್ಲೊಬ್ಬ ಜೊತೆಗಾರ, ತಾವಾಗಿ ಬಂದು ಮಾತನಾಡಿಸುವ ಒಬ್ಬ ಹಿರಿಯರು. ಮಾತು ತನ್ನ ಕಾಲಕ್ಕೆ ತಾನೇ ಬರುತ್ತದೆ.

ಈಗ ನಾನೂ ಪಾಠ ಹೇಳುವವನು. ಪ್ರತಿ ವರ್ಷ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹೊಸ ಮುಖಗಳನ್ನು ನೋಡುತ್ತೇನೆ. ನನ್ನ ಸಹೋದ್ಯೋಗಿಗಳಲ್ಲಿ, ಸೀನಿಯರ್ ವಿದ್ಯಾರ್ಥಿಗಳಲ್ಲಿ ಒಂದೇ ಬೇಡಿಕೆ: ಅವರ ಕೈಗೆ ಮೊದಲ ವಾರವೇ ಮೈಕು ಕೊಡಬೇಡಿ. ಯಾರ ಜೊತೆಗಾದರೂ ಸೇರಿಸಿ ಒಂದು ಕೆಲಸ ಕೊಡಿ. ಲ್ಯಾಬಿನ ತಕ್ಕಡಿಯಾಗಲಿ, ಗ್ರಂಥಾಲಯದ ಪುಸ್ತಕ ಜೋಡಿಸುವುದಾಗಲಿ, ತೋಟದ ಗುದ್ದಲಿಯಾಗಲಿ, ಯಾವುದಾದರೂ ಸರಿ. ತಂದೆತಾಯಂದಿರೇ, ಸ್ನೇಹಿತರಾದರೇ ಎಂದು ದಿನವೂ ಕೇಳಬೇಡಿ, ಇವತ್ತು ಏನು ಕೆಲಸ ಮಾಡಿದೆ ಎಂದು ಕೇಳಿ. ಆ ಪ್ರಶ್ನೆಗೆ ಮಕ್ಕಳು ಸುಳ್ಳು ಹೇಳಬೇಕಾಗುವುದಿಲ್ಲ.